ಹಾರುವ ಕಾರು ನಮ್ಮ ಮನೆ ಮುಂದೆ ಯಾಕೆ ಇನ್ನೂ ನಿಂತಿಲ್ಲ?

ಹಾರುವ ಕಾರು ಬಂದೇಬಿಟ್ಟಿತು ಅಂತ ಚಿಕ್ಕಂದಿನಿಂದ ಓದುತ್ತಿದ್ದೇನೆ, ಒಂದೂ ಕಣ್ಣಿಗೆ ಬಿದ್ದಿಲ್ಲ, ತೊಡಕು ಎಲ್ಲಿದೆ ಅಂತ ಕೇಳಿದ್ದೀರಿ.

ಹಾರಿಸುವುದರಲ್ಲಂತೂ ಇಲ್ಲ. ಅದು ಯಾವತ್ತೋ ಆಗಿಹೋದ ಕೆಲಸ. ಅಮೆರಿಕದ ಮೋಲ್ಟನ್ ಟೇಲರ್ 1949ರಲ್ಲೇ ಏರೋಕಾರ್ ಹಾರಿಸಿದ್ದರು. 1956ರಲ್ಲಿ ಅದಕ್ಕೆ ಸರ್ಕಾರದ ಪ್ರಮಾಣಪತ್ರವೂ ಸಿಕ್ಕಿತು. ತಯಾರಾಗಿದ್ದು ಮಾತ್ರ ಬೆರಳೆಣಿಕೆಯಷ್ಟು. ಸ್ಲೊವಾಕಿಯಾದ ಸ್ಟೆಫಾನ್ ಕ್ಲೈನ್ ಅವರ ಏರ್‌ಕಾರ್ 2021ರಲ್ಲಿ ನಿತ್ರಾದಿಂದ ಬ್ರಾಟಿಸ್ಲಾವಾಗೆ 35 ನಿಮಿಷ ಹಾರಿತು. ಇಳಿದ ಮೇಲೆ ರೆಕ್ಕೆ ಮಡಚಿಕೊಂಡು ಊರೊಳಗೂ ಓಡಿತು. ಏರಲು, ಇಳಿಯಲು ರನ್‌ವೇ ಬೇಕು, ಅಷ್ಟೇ. ಆ "ಅಷ್ಟೇ" ಚಿಕ್ಕದಲ್ಲ ಬಿಡಿ.

ನಾನು ವಿಮಾನ ರಿಪೇರಿ ಕೆಲಸದವನು. ಹಾಗಾಗಿ ನನಗೆ ಮೊದಲು ಹೊಳೆಯುವುದು ಪಾರ್ಕಿಂಗ್‌ನಲ್ಲಿ ಬೀಳುವ ಗೀರು. ಆಟೋ ಸವರಿಕೊಂಡು ಹೋದರೆ ಕಾರಿನವರು ಬೈದು ಸುಮ್ಮನಾಗುತ್ತಾರೆ. ಅದೇ ಏಟು ಕಾಂಪೋಸಿಟ್ ರೆಕ್ಕೆಗೆ, ಅಂದರೆ ನಾರಿನ ಪದರಗಳನ್ನು ಅಂಟಿಸಿ ಮಾಡಿದ ರೆಕ್ಕೆಗೆ ಬಿದ್ದರೆ? ಹೊರಗೆ ಏನೂ ಕಾಣದಿರಬಹುದು, ಒಳಗೆ ಪದರ ಬಿಟ್ಟುಕೊಂಡಿರಬಹುದು. ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ ನಾವು ನಾಣ್ಯದಿಂದ ತಟ್ಟಿ ಸದ್ದು ಕೇಳುತ್ತೇವೆ. ಮಂದವಾಗಿ ಕೇಳಿಸಿತೋ, ಆ ಜಾಗ ಬಿಚ್ಚಿ ನೋಡಲೇಬೇಕು. ಸರಿಯಾದ ಮೇಲೆ ಲಾಗ್‌ಬುಕ್‌ನಲ್ಲಿ ಲೈಸೆನ್ಸ್ ಇರುವವರ ಸಹಿ ಬೀಳಬೇಕು. ಆಮೇಲೇ ಹಾರಾಟ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ದಿನಾ ಬೆಳಿಗ್ಗೆ ಇದನ್ನು ಯಾರು ಮಾಡುತ್ತಾರೆ?

ಇದು ಅತಿಯಾಯಿತು ಅನ್ನಿಸಿದರೆ 1973ರ ಮೈಜಾರ್ ಕಥೆ ನೋಡಿ. ಫೋರ್ಡ್ ಪಿಂಟೋ ಕಾರಿಗೆ ಸೆಸ್ನಾ ವಿಮಾನದ ರೆಕ್ಕೆ ಜೋಡಿಸಿದ್ದರು. ಹಾರಾಟದಲ್ಲಿ ರೆಕ್ಕೆಯ ಆಸರೆ ಕಳಚಿತು. ಅದನ್ನು ಕಟ್ಟಿದ್ದ ಹೆನ್ರಿ ಸ್ಮೊಲಿನ್ಸ್ಕಿ ಮತ್ತು ಹೆರಾಲ್ಡ್ ಬ್ಲೇಕ್ ಇಬ್ಬರೂ ಸತ್ತರು.

ತೂಕದ್ದು ಇನ್ನೊಂದು ಜಗಳ. ರಸ್ತೆಗೆ ಬಂಪರ್, ಏರ್‌ಬ್ಯಾಗ್, ಗಟ್ಟಿ ಬಾಗಿಲು ಬೇಕು. ಆಕಾಶದಲ್ಲಿ ಅದೆಲ್ಲ ಸುಮ್ನೆ ಹೊರೆ.

ರನ್‌ವೇ ಬೇಡ, ಡ್ರೋನ್ ತರಹ ನೇರ ಮೇಲೇಳಲಿ ಅನ್ನುತ್ತೀರಾ? ಚಿಕ್ಕ ಫ್ಯಾನುಗಳಿಂದ ಭಾರ ಎತ್ತಲು ಹೆಲಿಕಾಪ್ಟರಿಗಿಂತ ಜಾಸ್ತಿ ಶಕ್ತಿ ಬೇಕು. ಒಂದು ಕೆಜಿ ಪೆಟ್ರೋಲಿನಲ್ಲಿ ಸುಮಾರು 12,000 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಆ ಫ್ಯಾನುಗಳ ಮೋಟಾರು ಓಡಿಸುವ ಬ್ಯಾಟರಿಯಲ್ಲಿ, ಒಳ್ಳೆಯ ಲಿಥಿಯಂ ಸೆಲ್ಲಾದರೂ, ಕೆಜಿಗೆ 250ರ ಆಸುಪಾಸು. ಮೋಟಾರು ಇಂಜಿನ್ನಿಗಿಂತ ಕಡಿಮೆ ಪೋಲು ಮಾಡುತ್ತದೆ, ನಿಜ. ಆದರೂ ಆ ಅಂತರ ತುಂಬುವುದಿಲ್ಲ. ಪೆಟ್ರೋಲ್ ಖರ್ಚಾದಂತೆ ವಿಮಾನ ಹಗುರಾಗುತ್ತದೆ, ಬ್ಯಾಟರಿಯಾದರೆ ನೆಲ ಮುಟ್ಟುವವರೆಗೂ ಅಷ್ಟೇ ಭಾರ. ಇಳಿಯಲು ಜಾಗ ಸಿಗದಿದ್ದರೆ ಅಂತ ಒಂದಿಷ್ಟು ಚಾರ್ಜ್ ಮುಟ್ಟದೆ ಉಳಿಸಿಕೊಳ್ಳಬೇಕು. ಇನ್ನು ನಮ್ಮ ಬೀದಿಯಲ್ಲಿ ಇಳಿದರೆ ಆ ಗಾಳಿಗೆ ಧೂಳು, ಶೀಟು, ಒಣಗಲು ಹಾಕಿದ ಬಟ್ಟೆ ಎಲ್ಲ ಹಾರುತ್ತವೆ. ಕರೆಂಟು ತಂತಿಗಳ ಮಾತು ಬೇರೆಯೇ.

ಪೈಲಟ್ ಲೈಸೆನ್ಸ್, ಹಾರಾಟಕ್ಕೆ ಅನುಮತಿ ಇವೆಲ್ಲ ಕಾನೂನು ಬದಲಾದರೆ ಸರಿಹೋಗಬಹುದು. ನನಗೆ ಅವು ದೊಡ್ಡ ಚಿಂತೆ ಅನ್ನಿಸುವುದಿಲ್ಲ.

ಏರ್ ಟ್ಯಾಕ್ಸಿ ಬರಬಹುದು. ಅದನ್ನು ಕಟ್ಟಲು ಹೊರಟಿದ್ದ ಜರ್ಮನಿಯ ಕಂಪನಿಗಳಾದ ಲಿಲಿಯಮ್, ವೊಲೊಕಾಪ್ಟರ್ ಎರಡೂ 2024ರಲ್ಲಿ ದಿವಾಳಿ ಅರ್ಜಿ ಹಾಕಿದರೂ ಆ ದಾರಿ ಮುಚ್ಚಿಲ್ಲ. ಏರ್ ಟ್ಯಾಕ್ಸಿಯನ್ನು ಹ್ಯಾಂಗರಿನಲ್ಲಿ, ಅಂದರೆ ವಿಮಾನದ ಶೆಡ್ಡಿನಲ್ಲಿ ನಿಲ್ಲಿಸುತ್ತಾರೆ, ನಮ್ಮಂಥವರು ದಿನಾ ತಪಾಸಣೆ ಮಾಡುತ್ತೇವೆ. ಆದರೆ ಅದು ನಿಮ್ಮ ಕಾರಲ್ಲ, ಅಲ್ವಾ? ಬೆಂಗಳೂರಿನಲ್ಲಿ 2018ರಲ್ಲೇ ಏರ್‌ಪೋರ್ಟ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಟ್ಯಾಕ್ಸಿ ಶುರುವಾಗಿತ್ತು. ಹಾರಾಟ ಬರೀ 15 ನಿಮಿಷ. ಇಳಿದ ಮೇಲೆ ಆಫೀಸಿಗೆ ಹೋಗಲು ಮತ್ತೆ ರಸ್ತೆಯೇ ಗತಿ.