ಕೇಳಲೋ ಬೇಡವೋ ಎಂದು ಕೂರಬೇಡಿ

ಪತ್ರ: ನಾವು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಮಗನಿಗೆ 17, ಸೆಕೆಂಡ್ ಪಿಯು ಸೈನ್ಸ್. ಹಾಸ್ಟೆಲ್ಲಿನಿಂದ ರಜೆಗೆ ಬಂದವನು ವಾಪಸ್ ಹೋಗಲ್ಲ ಅಂತಿದ್ದಾನೆ. ಊಟ ಸೇರಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಂದು ಲೈಟೂ ಹಾಕದೆ ಅಡುಗೆಮನೆಯಲ್ಲಿ ನಿಂತಿರ್ತಾನೆ. ಜೀವದಂತಿದ್ದ ಬ್ಯಾಟನ್ನು ಮೊನ್ನೆ ಚಿಕ್ಕಪ್ಪನ ಮಗನಿಗೆ ಕೊಟ್ಟುಬಿಟ್ಟ. ‘ಇನ್ಮೇಲೆ ನನ್ನಿಂದ ನಿಮಗೆ ಖರ್ಚಿರಲ್ಲ ಬಿಡಮ್ಮ’ ಅಂದ. ನಮ್ಮನೆಯವರು ‘ಬೊಗಳೋ ನಾಯಿ ಕಚ್ಚಲ್ಲ, ಓದೋಕೆ ಸೋಮಾರಿತನ’ ಅಂತಾರೆ. ಅತ್ತೆ ಹರಕೆ ಹೊತ್ತಿದ್ದಾರೆ. ನೇರವಾಗಿ ಕೇಳೋಕೆ ನನಗೆ ಭಯ. ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾದರೆ? – ಹೆಸರು ಬೇಡ

ಅಮ್ಮಾ, ನಿಮ್ಮ ಪತ್ರ ಓದಿದ ರಾತ್ರಿಯೇ ಎರಡು ಸಾಲು ಉತ್ತರಿಸಿದ್ದೆ. ಇಲ್ಲಿ ವಿವರವಾಗಿ ಬರೆಯುತ್ತಿರುವುದು, ಇಂಥದ್ದೇ ಪತ್ರ ಬರೆದು ಕಳಿಸಲಾಗದೆ ಇಟ್ಟುಕೊಂಡವರಿಗೂ ಸೇರಿಸಿ.

ಕೇಳಿ. ಇವತ್ತೇ ಕೇಳಿ. ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಭಯ ನಿಮ್ಮೊಬ್ಬರದಲ್ಲ, ಆದರೆ ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಒಬ್ಬನೇ ಹೊತ್ತು ತಿರುಗುತ್ತಿದ್ದ ಮಾತು ಅಮ್ಮನ ಬಾಯಲ್ಲೇ ಬಂದಾಗ ಎಷ್ಟೋ ಮಕ್ಕಳಿಗೆ ಉಸಿರು ಬಂದಂತಾಗುತ್ತದೆ.

ಅಪ್ಪ, ಅಜ್ಜಿ ಎಲ್ಲರನ್ನೂ ಕೂರಿಸಿ ಪಂಚಾಯ್ತಿ ಮಾಡಬೇಡಿ. ಜಾಗ ಯಾವುದೆಂದು ನೀವೇ ಬರೆದಿದ್ದೀರಿ. ಅವನು ಅಡುಗೆಮನೆಗೆ ಬಂದಾಗ ಎದ್ದು ಹೋಗಿ. ಲೈಟ್ ಹಾಕದಿದ್ದರೂ ಸರಿ, ಹಾಲು ಬಿಸಿಗಿಡಿ. ಒಲೆ ಕಡೆ ಮುಖ ಮಾಡಿಕೊಂಡೇ ಕೇಳಬಹುದು: ‘ಪುಟ್ಟಾ, ಬ್ಯಾಟ್ ಕೊಟ್ಟೆ, ಖರ್ಚಿರಲ್ಲ ಅಂದೆ. ಸತ್ತುಹೋಗ್ಬೇಕು ಅಂತ ಅನ್ನಿಸ್ತಿದೆಯಾ ನಿಂಗೆ?’ ‘ಏನಾದ್ರೂ ಮಾಡ್ಕೋಬೇಡ’ ಎಂದು ಸುತ್ತಿ ಬಳಸಿ ಹೇಳಿದರೆ ‘ಇಲ್ಲಮ್ಮ’ ಎಂದು ಜಾರಿಕೊಳ್ಳುವುದು ಸುಲಭ. ಕೇಳಿದ ಮೇಲೆ ಸುಮ್ಮನಿರಿ. ಹಾಲು ಉಕ್ಕಿದರೆ ಉಕ್ಕಲಿ.

ಹೌದು ಎಂದರೆ ಅಳು ಬರುತ್ತದೆ, ಬರಲಿ. ‘ನಿನಗೇನು ಕಡಿಮೆ ಮಾಡಿದ್ವಿ’ ಎನ್ನಬೇಡಿ. ತಲೆ ಮೇಲೆ ಕೈಯಿಟ್ಟು ಆಣೆ ಮಾಡಿಸಿಕೊಳ್ಳಬೇಡಿ; ಆಣೆಯಿಂದ ನಿಮಗೆ ನಿದ್ದೆ ಬರಬಹುದು, ಅವನ ನೋವು ಅಲ್ಲೇ ಇರುತ್ತದೆ. ‘ಹೇಳಿದ್ದು ಒಳ್ಳೇದಾಯ್ತು, ನಾನಿದ್ದೀನಿ’ ಎಂದರೆ ಸಾಕು. ಹೇಗೆ, ಯಾವಾಗ ಎಂಬವರೆಗೂ ಅವನ ಯೋಚನೆ ಹೋಗಿದೆಯೇ ಎಂದು ಕೇಳಿ. ಹೋಗಿದ್ದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೊರಡಿ, ಒಂಟಿಯಾಗಿ ಬಿಡಬೇಡಿ.

ಇಲ್ಲ ಎಂದರೂ ಬ್ಯಾಟಿನ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ಇದೇ ವಾರ ಮನೋವೈದ್ಯರಿಗೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ಅಲ್ಲಿಯವರೆಗೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗ ಒಪ್ಪದಿದ್ದರೆ ನೀವೇ ಮಾಡಿ, ಹೆತ್ತವರಿಗೂ ಸಲಹೆ ಕೊಡುತ್ತಾರೆ.

ಇನ್ನೊಂದು ಕೆಲಸ ಇವತ್ತು ಸಂಜೆಯೊಳಗೆ ಆಗಬೇಕು. ತೋಟಕ್ಕೆ ಹೊಡೆಯುವ ಔಷಧಿ, ಅತ್ತೆಯ ಮಾತ್ರೆಗಳು, ಇದ್ದರೆ ಕೋವಿ, ಇವೆಲ್ಲ ಮನೆಯಿಂದ ಆಚೆ ಹೋಗಲಿ. ದಿನವೂ ಬೇಕಾದ ಮಾತ್ರೆ ಬೀಗದಲ್ಲಿರಲಿ, ಬೀಗದ ಕೈ ನಿಮ್ಮ ಹತ್ತಿರವಿರಲಿ. ಸಾಯಬೇಕೆನ್ನುವ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆಟುಕುವಲ್ಲಿ ಏನೂ ಇರಬಾರದು. ಈ ಕೆಲಸವನ್ನು ನಿಮ್ಮ ಯಜಮಾನರಿಗೇ ಒಪ್ಪಿಸಿ. ಭಯವಾದಾಗ ಬೈಯುವ ಗಂಡಸರನ್ನು ಬಹಳ ನೋಡಿದ್ದೇನೆ, ಕೈಗೆ ಕೆಲಸ ಕೊಟ್ಟರೆ ಬೈಗುಳ ಕಡಿಮೆಯಾಗುತ್ತದೆ. ಅವರ ಗಾದೆ ನಾಯಿಗೆ ಸರಿ ಇರಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶ ಹೀಗೆ ಕಳೆದುಕೊಂಡ ವಿದ್ಯಾರ್ಥಿಗಳು 13,044. ಇಂಥ ಸಾವುಗಳ ಹಿಂದೆ ಮೊದಲೇ ಆಡಿದ ಮಾತು, ಕೊಟ್ಟ ಸುಳಿವು ಎಷ್ಟೋ ಸಲ ಇದ್ದೇ ಇರುತ್ತದೆ. ಪೊಲೀಸ್, ಕೇಸು ಎಂಬ ಅಂಜಿಕೆಯೂ ಬೇಡ. ಆತ್ಮಹತ್ಯೆಗೆ ಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕೆಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಓದಿನ ಮಾತು ಸದ್ಯಕ್ಕೆ ಎತ್ತಬೇಡಿ. ಪಿಯು ಪರೀಕ್ಷೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತದೆ, ದಾರಿ ಮುಚ್ಚಿಲ್ಲ ಎಂಬುದನ್ನು ಅವನು ನಿದ್ದೆ, ಊಟಕ್ಕೆ ಮರಳಿದ ಮೇಲೆ ಹೇಳಿದರಾಯಿತು. ಹಾಸ್ಟೆಲ್ಲಿನಲ್ಲಿ ಏನಾಯಿತೆಂದು ಮಾತ್ರ ನಿಧಾನಕ್ಕೆ ತಿಳಿದುಕೊಳ್ಳಿ. ಇದ್ದಕ್ಕಿದ್ದಂತೆ ಹಗುರಾಗಿ ನಗತೊಡಗಿದರೆ ‘ಸರಿಹೋದ’ ಎಂದು ಕಾವಲು ಬಿಡಬೇಡಿ. ಅತ್ತೆಯ ಹರಕೆಗೆ ನನ್ನ ತಕರಾರಿಲ್ಲ. ವೈದ್ಯರ ಹತ್ತಿರ ಹೋಗುವಾಗ ಅವರೂ ಜೊತೆಗೆ ಬರಲಿ.

ಬ್ಯಾಟನ್ನು ನೀವಾಗಿ ವಾಪಸ್ ತರಿಸಬೇಡಿ. ಚಿಕ್ಕಪ್ಪನ ಮಗನಿಗೆ ಜೋಪಾನವಾಗಿ ಇಟ್ಟಿರಲು ಹೇಳಿ, ಅವನೇ ಒಂದು ದಿನ ಕೇಳಿಕೊಂಡು ಹೋಗಲಿ.