ಅಮ್ಮನಿಗೆ ಫೇಜ್ ಚಿಕಿತ್ಸೆ ಮಾಡಿಸಬಹುದಾ?

ಪ್ರಶ್ನೆ: ಅಮ್ಮನಿಗೆ ಪದೇ ಪದೇ ಉರಿಮೂತ್ರ. ಈ ಸಲ ಕಲ್ಚರ್ ರಿಪೋರ್ಟ್‌ನಲ್ಲಿ ಹೆಚ್ಚುಕಮ್ಮಿ ಎಲ್ಲ ಆ್ಯಂಟಿಬಯಾಟಿಕ್ ಮುಂದೆಯೂ ‘ಆರ್’ ಅಂತಲೇ ಇದೆ. ಫೇಜ್ ಚಿಕಿತ್ಸೆ ಮಾಡಿಸಬಹುದಾ?
– ಓದುಗರು, ಹಾಸನ

ಉತ್ತರ: ಕಲ್ಚರ್ ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಪರೀಕ್ಷೆ. ‘ಆರ್’ ಅಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ ಅಂತ. ನಿಮ್ಮ ಗಾಬರಿ ಅರ್ಥವಾಗುತ್ತದೆ. ಫೇಜ್ ಎಂಬುದು ಬ್ಯಾಕ್ಟೀರಿಯಾವನ್ನೇ ಹಿಡಿಯುವ ವೈರಸ್. ಅದರೊಳಗೆ ಹೊಕ್ಕು, ಹತ್ತಾರು ಪಟ್ಟು ಹೆಚ್ಚಿ, ಒಡೆದುಕೊಂಡು ಹೊರಬರುತ್ತದೆ. ನಮ್ಮ ಜೀವಕೋಶಗಳ ತಂಟೆಗೆ ಬರುವುದಿಲ್ಲ.

2015ರಲ್ಲಿ ಈಜಿಪ್ಟ್ ಪ್ರವಾಸದಲ್ಲಿ ಆ್ಯಂಟಿಬಯಾಟಿಕ್‌ಗೆ ಬಗ್ಗದ ಸೋಂಕು ತಗುಲಿದ ಅಮೆರಿಕದ ಟಾಮ್ ಪ್ಯಾಟರ್ಸನ್ ಕೋಮಾಕ್ಕೆ ಜಾರಿದ್ದರು. ಅವರ ಹೆಂಡತಿ ಸ್ಟೆಫನಿ ಸ್ಟ್ರಾಥ್‌ಡೀ, ಸ್ವತಃ ವಿಜ್ಞಾನಿ, ಊರೂರಿನ ಸಂಶೋಧಕರನ್ನು ಬೇಡಿ ಫೇಜ್ ಹುಡುಕಿಸಿದರು, 2016ರಲ್ಲಿ ಅದನ್ನು ರಕ್ತನಾಳಕ್ಕೆ ಕೊಟ್ಟ ಮೇಲೆ ಟಾಮ್ ಎಚ್ಚೆತ್ತರು, ಬದುಕಿದರು. ಆದರೆ ಮಧ್ಯದಲ್ಲೇ ಬ್ಯಾಕ್ಟೀರಿಯಾ ಫೇಜ್‌ಗೂ ಬಗ್ಗದಂತಾಗಿ ಬೇರೆ ಫೇಜ್ ತರಬೇಕಾಯಿತು.

ಕಷ್ಟ ಇರುವುದು ಇಲ್ಲೇ. ಎಲ್ಲ ಫೇಜ್ ಎಲ್ಲರಿಗೂ ಆಗುವುದಿಲ್ಲ. ಲ್ಯಾಬ್‌ನಲ್ಲಿ ನಿಮ್ಮ ಅಮ್ಮನದೇ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬ ಮಂಜಿನ ಪದರದಂತೆ ಬೆಳೆಸಿ, ಮೇಲೊಂದು ಹನಿ ಫೇಜ್ ಬಿಡುತ್ತಾರೆ. ಹೊಂದಿದರೆ ಆ ಜಾಗ ಮಾತ್ರ ತಿಳಿಯಾಗುತ್ತದೆ.

ಜಾರ್ಜಿಯಾದ ಟಿಬಿಲಿಸಿಯಲ್ಲಿ 1923ರಲ್ಲಿ ಶುರುವಾದ ಎಲಿಯಾವಾ ಸಂಸ್ಥೆ ಇದೇ ಕೆಲಸ ಮಾಡುತ್ತದೆ, ಹೊರದೇಶದವರೂ ಹೋಗುತ್ತಾರೆ. ನಮ್ಮಲ್ಲಿ ಇದು ಮೆಡಿಕಲ್ ಶಾಪಿನಲ್ಲಿ ಸಿಗುವ ಮದ್ದಲ್ಲ, ಆನ್‌ಲೈನ್‌ನಲ್ಲಿ ಸುಮ್ನೆ ತರಿಸಬೇಡಿ.

ಹಳೆಯ ಕಲ್ಚರ್ ರಿಪೋರ್ಟ್‌ಗಳನ್ನೆಲ್ಲ ಜೋಡಿಸಿಕೊಂಡು ಮೊದಲು ಸೋಂಕುರೋಗ ತಜ್ಞರನ್ನು ಕಾಣಿ. ಉಳಿದಿರುವ ಒಂದೆರಡು ಔಷಧಗಳಲ್ಲೇ ದಾರಿ ಇರಬಹುದು. ಚಳಿಜ್ವರ, ಸೊಂಟದ ಮೇಲೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.