ಫೋಟೋದ ಹಿಂದೆ ಉರ್ದು ಇದ್ದರೆ ಅಜ್ಜ ಕನ್ನಡದವನಲ್ಲವೇ?

ನಿನ್ನ ಮಾವನವರ ಮನೆಯ ಟ್ರಂಕಿನಲ್ಲಿ ಸಿಕ್ಕ ಆಲ್ಬಮ್ ಬಗ್ಗೆ ನೀನು ಕೇಳಿದ್ದು ಇಷ್ಟು: ರಾಯಚೂರು ಜಿಲ್ಲೆಯ ಮಾನ್ವಿಯ ಅಜ್ಜನ ಫೋಟೋಗಳ ಹಿಂದೆ ಉರ್ದು, ಆಲೂರಿನ ಅಜ್ಜಿಯ ತವರಿನ ಫೋಟೋಗಳ ಹಿಂದೆ ತೆಲುಗು, ಕನ್ನಡ ಒಂದಕ್ಷರವೂ ಕಾಣುವುದಿಲ್ಲ, ಹಾಗಾದರೆ ಇವರು ಮೂಲದಲ್ಲಿ ಕನ್ನಡದವರು ಹೌದೋ ಅಲ್ಲವೋ? ಮೈಸೂರು ಕಡೆಯವರು ಹೀಗೆ ಕೇಳಿದಾಗಲೆಲ್ಲ ಗಡಿಯಲ್ಲಿರುವ ನಮಗೆ ನೋವಾಗುತ್ತದೆ. ಆದರೂ ಉತ್ತರ ಹೇಳಲೇಬೇಕು. ಹೌದು, ಕನ್ನಡದವರೇ. ಊಟಕ್ಕೆ ಕರೆದದ್ದು ಕನ್ನಡದಲ್ಲಿ, ಜಗಳ ಕಾದದ್ದು ಕನ್ನಡದಲ್ಲಿ, ತೊಟ್ಟಿಲಿಗೆ ಹಾಡಿದ್ದೂ ಕನ್ನಡದಲ್ಲಿ. ಬರೆದದ್ದು ಮಾತ್ರ ಶಾಲೆಯಲ್ಲಿ ಕಲಿಸಿದ ಲಿಪಿಯಲ್ಲಿ.

ಚರಿತ್ರೆ ನಿನಗೂ ಗೊತ್ತಿರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, ಆಮೇಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ಅಲ್ಲಿ ಸರ್ಕಾರದ ಭಾಷೆ ಉರ್ದು. ಕಚೇರಿ ಕೆಲಸ ಬೇಕಾದವನು ಉರ್ದು ಕಲಿಯಲೇಬೇಕಿತ್ತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಶಾಲೆಯ ಹೆಸರೇ ಹಮದರ್ದ್ ಎಂಬ ಉರ್ದು ಪದ. ಬಳ್ಳಾರಿ 1800ರಿಂದ ಬ್ರಿಟಿಷರ ಕೈಯಲ್ಲಿ, ಮದ್ರಾಸ್ ಪ್ರಾಂತ್ಯದ ಜಿಲ್ಲೆಯಾಗಿ. ಆದೋನಿ, ಆಲೂರು, ರಾಯದುರ್ಗ ಅದರ ತಾಲ್ಲೂಕುಗಳು. 1953ರ ಅಕ್ಟೋಬರ್ 1ರಂದು ಈ ಮೂರು ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಆ ವಿಲೀನದ ಹೊತ್ತಿಗೆ ಬಳ್ಳಾರಿಯಲ್ಲಿ ಕನ್ನಡಕ್ಕಾಗಿ ಪ್ರಾಣ ಕೊಟ್ಟವರು ಪಿಂಜಾರ ರಂಜಾನ್ ಸಾಬ್. ಈ ನೆಲದಲ್ಲಿ ನಿಂತು ಯಾರು ಕನ್ನಡದವರು ಎಂದು ಕೇಳುವವರು ಈ ಹೆಸರನ್ನು ಮೊದಲು ನೆನೆಯಬೇಕು.

ಈಗ ಲಿಪಿಗೆ ಬರೋಣ. ತೆಲುಗು ಎಂದು ನೀನು ಪಕ್ಕಕ್ಕಿಟ್ಟ ಫೋಟೋಗಳನ್ನು ಮತ್ತೆ ತೆಗೆ. ತೆಲುಗು ಬಲ್ಲವರನ್ನು ಕೂರಿಸಿ ಅರ್ಥ ಕೇಳಬೇಡ, ಬರೆದದ್ದನ್ನು ಬರೆದ ಹಾಗೆ ಗಟ್ಟಿಯಾಗಿ ಓದಿಸು. ‘ಗಾರು’, ‘ಲೋ’ ಕಿವಿಗೆ ಬಿದ್ದರೆ ಅದು ತೆಲುಗು. ‘ಅವರ ಮಗಳು’, ‘ಊರಲ್ಲಿ’ ಎಂದು ಬಿದ್ದರೆ ಅದು ತೆಲುಗು ಅಕ್ಷರದಲ್ಲಿ ಬರೆದ ಕನ್ನಡ. ಗಡಿಯ ಮನೆಗಳಲ್ಲಿ ಇಂಥದ್ದು ಸಿಗುತ್ತದೆ. ಅವಸರದ ಕೈಬರಹದಲ್ಲಿ ಎರಡೂ ಲಿಪಿಯ ತಲೆಕಟ್ಟು ಒಂದೇ ಥರ ಕಾಣುವುದರಿಂದ ನೋಡಿ ತೀರ್ಮಾನಿಸಿದರೆ ತಪ್ಪುತ್ತದೆ, ಕೇಳಿ ತೀರ್ಮಾನಿಸಬೇಕು. ನಾಟಕದ ಫೋಟೋ ಇದ್ದರಂತೂ ಇನ್ನೂ ಎಚ್ಚರ. ನಟ ಬಳ್ಳಾರಿ ರಾಘವರ ಕಾಲದಲ್ಲಿ ಬಳ್ಳಾರಿ ತೆಲುಗು ರಂಗಭೂಮಿಯ ದೊಡ್ಡ ಕೇಂದ್ರ. ಅವರ ಒಡನಾಡಿಯಾಗಿದ್ದ ಜೋಳದರಾಶಿ ದೊಡ್ಡನಗೌಡರು ಕನ್ನಡದ ಕವಿ, ಗಮಕಿ. ಪಾತ್ರದ ಹೆಸರು ತೆಲುಗಿನಲ್ಲಿದೆ ಎಂದು ಪಾತ್ರಧಾರಿಯ ಮನೆಮಾತು ಹೇಳಲು ಬರುವುದಿಲ್ಲ.

ಉರ್ದು ಬರಹದಲ್ಲಿ ತೊಡಕು ಬೇರೆ. ಅದರಲ್ಲಿ ನಮ್ಮ ‘ಳ’ ಇಲ್ಲ, ‘ಲ’ ಆಗಿಬಿಡುತ್ತದೆ. ಹ್ರಸ್ವ ಸ್ವರಗಳನ್ನು ಬರೆಯುವ ರೂಢಿಯೂ ಇಲ್ಲ. ಹಾಗಾಗಿ ಬಸವನೋ ಬಸುವೋ ಎನ್ನುವುದನ್ನು ಮನೆಯವರ ಹೆಸರು ಬಲ್ಲವರೇ ಊಹಿಸಬೇಕು. ಓದುವವರ ಮುಂದೆ ಮೊದಲು ಮನೆತನದ ಹೆಸರುಗಳ ಪಟ್ಟಿ ಇಡು, ಆಮೇಲೆ ಫೋಟೋ ಕೊಡು. ಹೊರಗಿನ ಮೌಲ್ವಿಯೊಬ್ಬರು ಅರ್ಧ ದಿನ ತಡಕಾಡುವುದನ್ನು ಹೆಸರು ಗೊತ್ತಿರುವವರು ಐದು ನಿಮಿಷಕ್ಕೆ ಬಿಡಿಸುತ್ತಾರೆ. ಫೋನಿನ ಆ್ಯಪ್ ಅಚ್ಚಿನ ಉರ್ದುವಿಗೆ ಪರವಾಗಿಲ್ಲ, ಹಳೇ ಕೈಬರಹಕ್ಕೆ ನಂಬಬೇಡ.

ನಿಜವಾಗಿ ನಮ್ಮನ್ನು ಸುಸ್ತು ಮಾಡುವುದು ಇಸವಿ. ಎಷ್ಟು ಆಲ್ಬಮ್ ಬಿಡಿಸಿದರೂ ಪ್ರತಿ ಸಲ ಇಲ್ಲೇ ಸಿಕ್ಕಿಕೊಳ್ಳುವುದು.

ಮಾನ್ವಿಯ ಫೋಟೋ ಹಿಂದೆ 1357 ಎಂದು ಇದೆ ಎಂದಿಟ್ಟುಕೋ. ಅದು ಮುಸ್ಲಿಮರ ಚಾಂದ್ರಮಾನದ ಹಿಜರಿ ವರ್ಷವಾದರೆ 1938–39. ಕಂದಾಯದ ಲೆಕ್ಕಕ್ಕೆ ಸರ್ಕಾರ ಬಳಸುತ್ತಿದ್ದ ಫಸಲಿ ವರ್ಷವಾದರೆ 1947–48. ಒಂಬತ್ತು ಹತ್ತು ವರ್ಷದ ಅಂತರ. ಫೋಟೋದಲ್ಲಿ ಮಡಿಲ ಕೂಸಾಗಿರುವುದು ದೊಡ್ಡ ಮಗನೋ ಕಿರಿ ಮಗನೋ ಎನ್ನುವುದೇ ಅದಲುಬದಲಾಗುತ್ತದೆ. ಗುರುತು ಹಿಡಿಯುವುದು ತಿಂಗಳ ಹೆಸರಿನಿಂದ. ಮೊಹರಂ, ರಜಬ್, ಶಾಬಾನ್ ಎಂದಿದ್ದರೆ ಹಿಜರಿ. ಆಜುರ್, ದೈ, ಬಹಮನ್, ಇಸ್ಫಂದಾರ್, ಖುರ್ದಾದ್, ತೀರ್ ಎಂದಿದ್ದರೆ ನಿಜಾಮರ ಫಸಲಿ. ತಿಂಗಳು ಇಲ್ಲದಿದ್ದರೆ ಅಂಕಿಯ ಪಕ್ಕದ ಅಕ್ಷರ ನೋಡು: ಫಸಲಿಗೆ ‘ಫೆ’, ಹಿಜರಿಗೆ ‘ಹೆ’ ಹಾಕುವುದು ರೂಢಿ. ಬರೆದವರು ಯಾವ ಧರ್ಮದವರು ಎಂಬುದು ಇಲ್ಲಿ ಲೆಕ್ಕಕ್ಕೆ ಬಾರದು. ಕಚೇರಿಯ ಕೆಲಸದಲ್ಲಿದ್ದವರು ಯಾರೇ ಆಗಲಿ ಫಸಲಿ ಬರೆಯುತ್ತಿದ್ದರು.

ಫಸಲಿಗೆ 590 ಕೂಡಿಸಿದರೆ ಇಂಗ್ಲಿಷ್ ಇಸವಿ ಬರುತ್ತದೆ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಅರ್ಧ ಸರಿ. ಹೈದರಾಬಾದಿನ ಫಸಲಿ ವರ್ಷ ಆಜುರ್‌ನಿಂದ ಶುರು, ಅಂದರೆ ಅಕ್ಟೋಬರ್ ಮೊದಲ ವಾರ. ಹಾಗಾಗಿ ಆಜುರ್, ದೈ, ಬಹಮನ್‌ಗೆ 590, ಇಸ್ಫಂದಾರ್‌ನಿಂದ ಮುಂದಕ್ಕೆ 591 ಕೂಡಿಸಬೇಕು. ನಮ್ಮ ಮದುವೆಗಳು ಬಹಳಷ್ಟು ಬೇಸಿಗೆಯವು, ಖುರ್ದಾದ್ ತೀರ್‌ನಲ್ಲಿ ಬರುತ್ತವೆ. ಖುರ್ದಾದ್ 1352 ಎಂದರೆ 1943ರ ಏಪ್ರಿಲ್ ಸುಮಾರು. 590 ಕೂಡಿಸಿ 1942 ಎಂದು ಬರೆದಿಟ್ಟರೆ ಮದುವೆ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ, ಮೊದಲ ಮಗುವಿನ ಹುಟ್ಟಿನ ಜತೆ ತಾಳೆಯಾಗದೆ ಮನೆಯಲ್ಲಿ ಇಲ್ಲದ ಮಾತು ಹುಟ್ಟುತ್ತದೆ.

ಅಜ್ಜಿಯ ಆಲೂರಿನಲ್ಲಿ ಇನ್ನೊಂದು ಫಸಲಿ. ಮದ್ರಾಸಿನ ಕಂದಾಯ ಫಸಲಿ ಜುಲೈ 1ಕ್ಕೆ ಶುರುವಾಗುತ್ತಿತ್ತು. ಫೋಟೋಗಳ ಜತೆ ಅದೇ ಟ್ರಂಕಿನಲ್ಲಿ ಪಟ್ಟಾ, ಕಂದಾಯದ ರಸೀದಿ ಇರುತ್ತವಲ್ಲ, ಅವುಗಳ ಮೇಲೆ ಇರುವುದು ಇದು. 1943ರ ಆಗಸ್ಟ್ ತೆಗೆದುಕೋ: ತುಂಗಭದ್ರೆಯ ಈಚೆ ಬಳ್ಳಾರಿ ಕಡೆ ಫಸಲಿ 1353, ಹೊಳೆ ದಾಟಿ ರಾಯಚೂರು ಕಡೆ ಹೋದರೆ ಇನ್ನೂ 1352. ವರ್ಷಕ್ಕೆ ಮೂರು ತಿಂಗಳು ಎರಡು ದಂಡೆಯಲ್ಲಿ ಎರಡು ಇಸವಿ. ಬೀಗರಿಬ್ಬರ ಕಾಗದ ಪಕ್ಕಪಕ್ಕ ಇಟ್ಟು ಇವರಲ್ಲೊಬ್ಬರು ತಪ್ಪು ಬರೆದಿದ್ದಾರೆ ಎಂದು ತಿದ್ದಲು ಹೋಗಬೇಡ, ಇಬ್ಬರದೂ ಸರಿ.

ಸಂವತ್ಸರ ಬರೆದಿದ್ದರೆ ಸುಲಭ. ಸರ್ವಧಾರಿ 1948ರ ಯುಗಾದಿಯಿಂದ, ವಿಜಯ 1953ರಿಂದ, ದುರ್ಮುಖಿ 1956ರಿಂದ. ಅರವತ್ತು ವರ್ಷಕ್ಕೆ ಮರಳಿ ಬರುವುದಷ್ಟೇ ಅದರ ತೊಂದರೆ. ವಿಜಯ 1893ರಲ್ಲೂ ಇತ್ತು, ಆದರೆ ಕಾಗದ ನೋಡಿದರೆ ಆ ಅನುಮಾನ ಹೋಗುತ್ತದೆ.

ಅಂಕಿ ಓದುವಾಗ ಆಗುವ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಉರ್ದು ಬರಹ ಬಲದಿಂದ ಎಡಕ್ಕೆ, ಅಂಕಿ ಮಾತ್ರ ನಮ್ಮ ಹಾಗೆ ಎಡದಿಂದ ಬಲಕ್ಕೆ. ಸೊನ್ನೆ ಎಂದರೆ ಬರೀ ಒಂದು ಚುಕ್ಕೆ, ದುಂಡಗೆ ಕಾಣುವುದು ಐದು. ನೊಣದ ಕಲೆಯೊಂದು ಬಿದ್ದಿದ್ದರೆ ಸೊನ್ನೆ ಹೆಚ್ಚುತ್ತದೆ, ಚುಕ್ಕೆ ಮಾಸಿದ್ದರೆ ಕಡಿಮೆಯಾಗುತ್ತದೆ. ಎರಡಕ್ಕೂ ಮೂರಕ್ಕೂ ಒಂದು ಹಲ್ಲಿನ ವ್ಯತ್ಯಾಸ. ಏಳು ಮೇಲೆ ಬಾಯಿ ತೆರೆದ ಕವಲು, ಎಂಟು ಅದೇ ಕವಲು ಬೋರಲಾಗಿ. ಫೋಟೋ ತಲೆಕೆಳಗೆ ಹಿಡಿದರೆ ಏಳು ಎಂಟಾಗುತ್ತದೆ. ಕನ್ನಡ ಅಂಕಿಯಲ್ಲಿ ಬರೆದಿದ್ದರೆ ೬ ಮತ್ತು ೯ ಎರಡೆರಡು ಸಲ ನೋಡು. ಮಾಸಿದ ಪೆನ್ಸಿಲ್ ಬರಹಕ್ಕೆ ಕೋಣೆ ಕತ್ತಲು ಮಾಡಿ ಫೋನಿನ ಟಾರ್ಚನ್ನು ಮೇಜಿಗೆ ತಾಗಿದಂತೆ ಪಕ್ಕದಿಂದ ಬಿಡಬೇಕು, ಒತ್ತಿದ ಗೆರೆ ನೆರಳಾಗಿ ಎದ್ದು ಕಾಣುತ್ತದೆ. ಸ್ಟುಡಿಯೋದ ಉಬ್ಬು ಮೊಹರಿಗೂ ಇದೇ ಉಪಾಯ. ಅದು ಸಾಮಾನ್ಯವಾಗಿ ರಟ್ಟಿನ ಕೆಳ ಅಂಚಿನಲ್ಲಿರುತ್ತದೆ.

ಹಿಂದೆ ಕೈಬರಹ ಏನೂ ಇಲ್ಲದಿದ್ದರೆ ಕಾಗದವನ್ನೂ ಮುಂದಿನ ಚಿತ್ರವನ್ನೂ ಓದಬೇಕು. ಕಾಗದದ ಬೆನ್ನ ಮೇಲೆ ತೆಳುವಾಗಿ ‘ಇಂದು’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ ಅದು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾಗದ. ಆ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1967ರಲ್ಲಿ, ಅದಕ್ಕಿಂತ ಹಿಂದಿನ ಪ್ರಿಂಟ್ ಅಲ್ಲ. ಪ್ರಿಂಟ್ ಎಂದೆ, ಚಿತ್ರ ಎನ್ನಲಿಲ್ಲ. ಹಳೇ ನೆಗೆಟಿವ್‌ನಿಂದ ಆಮೇಲೆ ತೆಗೆಸಿರಬಹುದು. ಲಿಂಗಸುಗೂರು ಕಡೆಯ ನೌಕರರ ಗುಂಪಿನ ಹಿಂದೆ ಹೈದರಾಬಾದ್ ಗೋಲ್ಡ್ ಮೈನ್ಸ್ ಫಲಕ ಕಂಡರೆ 1947ರಿಂದ 1956ರೊಳಗಿನದು, ಆಮೇಲೆ ಅದು ಹಟ್ಟಿ ಗೋಲ್ಡ್ ಮೈನ್ಸ್ ಆಯಿತು. ತುಂಗಭದ್ರಾ ಅಣೆಕಟ್ಟೆ ಅರ್ಧ ಎದ್ದು ನಿಂತಿದ್ದರೆ 1945ರಿಂದ 1953ರ ನಡುವೆ.

ಅಜ್ಜಿಯ ಮದುವೆ ಫೋಟೋದಲ್ಲಿ ಸೆರಗು, ಹಣೆಯ ಬೊಟ್ಟು ಎರಡೂ ಕಪ್ಪಗಿವೆ, ಶುಭಕಾರ್ಯಕ್ಕೆ ಕಪ್ಪು ಯಾಕೆ ಎಂದು ಕೇಳಿದ್ದೀ. ಕಪ್ಪಲ್ಲ, ಕೆಂಪು. ಆಗಿನ ಹಲವು ಸ್ಟುಡಿಯೋಗಳು ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲ್ಮು, ಗಾಜಿನ ಪ್ಲೇಟು ಕೆಂಪು ಬೆಳಕಿಗೆ ಸ್ಪಂದಿಸುತ್ತಿರಲಿಲ್ಲ. ಕುಂಕುಮ, ಇಳಕಲ್ ಸೀರೆಯ ಕೆಂಪು ಸೆರಗು ಎಲ್ಲ ಕಪ್ಪಾಗಿ ಬೀಳುತ್ತಿದ್ದವು. ಅದೇ ಫಿಲ್ಮಿನಲ್ಲಿ ನೀಲಿ ಹೆಚ್ಚುಕಡಿಮೆ ಬೆಳ್ಳಗೆ ಬರುತ್ತದೆ. ಇದು ತಿಳಿಯದೆ ಬಣ್ಣ ಹಚ್ಚಿಸಿದವರ ಫೋಟೋಗಳಲ್ಲಿ ಮದುಮಗಳು ಕಪ್ಪು ಬೊಟ್ಟಿಟ್ಟು ಕೂತಿರುತ್ತಾಳೆ. ಸೆರಗು ಬಲಗಡೆ ಬಿದ್ದಿದ್ದರೆ ಬೇರೆ ಕುಲದವರು ಎಂದು ಹಾರಬೇಡ. ಅದೇ ಚಿತ್ರದ ಗಂಡಸರ ಅಂಗಿ ನೋಡು. ಗುಂಡಿಪಟ್ಟಿಯೂ ಎದುರು ಬದಿಗಿದ್ದರೆ ನೆಗೆಟಿವ್ ತಿರುವುಮುರುವಾಗಿ ಪ್ರಿಂಟ್ ಆಗಿದೆ ಎಂದರ್ಥ. ಶೇರ್ವಾನಿ, ರೂಮಿ ಟೋಪಿಯೂ ಅಷ್ಟೇ. ನಿಜಾಮರ ಕಚೇರಿಗೆ ಹೋಗುವ ಹಿಂದೂಗಳೂ ಶೇರ್ವಾನಿ ತೊಡುತ್ತಿದ್ದರು.

ಆಲ್ಬಮ್ ಅಂಟಿನ ಹಾಳೆಯದು, ಮೇಲೆ ಪ್ಲಾಸ್ಟಿಕ್ ಪೊರೆ ಎಂದೆಯಲ್ಲ, ಅದು ಫೋಟೋಗೆ ವಿಷ. ನಮ್ಮ ಬಿಸಿಲಿಗೆ ಅಂಟು ಕರಗಿ ಕಾಗದದೊಳಗೆ ಇಳಿಯುತ್ತದೆ. ಮೊದಲು ಇಡೀ ಪುಟವನ್ನು ಹಾಗೆಯೇ ಸ್ಕ್ಯಾನ್ ಮಾಡು, ಚಿತ್ರಗಳ ಅನುಕ್ರಮವೂ ಒಂದು ದಾಖಲೆ. ಆಮೇಲೆ ಹಲ್ಲು ಶುಚಿ ಮಾಡುವ ಸಣ್ಣ ದಾರವನ್ನು ಮೂಲೆಯಿಂದ ಹಿಂದೆ ಸೇರಿಸಿ ಗರಗಸದ ಹಾಗೆ ಮೆಲ್ಲಗೆ ಎಳೆಯುತ್ತ ಬಿಡಿಸು. ಬಗ್ಗಿಸಬೇಕಾದ್ದು ಹಾಳೆಯನ್ನು, ಫೋಟೋವನ್ನಲ್ಲ. ಬಿಡದಿದ್ದರೆ ಹಾಳೆಯನ್ನೇ ಸುತ್ತ ಕತ್ತರಿಸಿ ಇಟ್ಟುಬಿಡು. ಕಟ್ಟು ಹಾಕಿಸಿದ ಫೋಟೋ ಗಾಜಿಗೆ ಹತ್ತಿಕೊಂಡಿದ್ದರೆ ಕೀಳಲು ಹೋಗದೆ ಗಾಜಿನ ಸಮೇತ ಸ್ಕ್ಯಾನ್ ಮಾಡು. ಸಣ್ಣ ಪ್ರಿಂಟಿಗೆ 600 ಡಿಪಿಐ ಇರಲಿ, ಎರಡೂ ಬದಿ. ಸಂಡೂರು, ಹೊಸಪೇಟೆ ಕಡೆಯ ಮನೆಯಲ್ಲಿದ್ದ ಫೋಟೋಗಳ ಮೇಲೆ ಅದಿರಿನ ಕೆಂಪು ಧೂಳು ಕೂತಿರುತ್ತದೆ. ಒದ್ದೆ ಬಟ್ಟೆ ತಾಗಿಸಿದರೆ ಕಲೆಯಾಗಿ ಕೂಡುತ್ತದೆ, ಒಣ ಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ. ಮೆತ್ತನೆ ಕುಂಚದಿಂದ ನಡುವಿನಿಂದ ಅಂಚಿಗೆ ತಳ್ಳು.

ಇನ್ನು ಮುಂದೆ ನೀನು ಬರೆಯುವ ವಿಷಯ. ಬಾಲ್‌ಪೆನ್ ಬೇಡ, 2ಬಿ ಪೆನ್ಸಿಲ್‌ನಿಂದ ಹಿಂಬದಿಯ ಅಂಚಿನಲ್ಲಿ ಹಗುರವಾಗಿ ಬರಿ, ಹಳೇ ಬರಹದ ಮೇಲೆ ಅಲ್ಲ. ಅಜ್ಜಿಯ ಊರನ್ನು ಆಂಧ್ರ ಎಂದಷ್ಟೇ ಬರೆಯಬೇಡ, ಕೈಮುಗಿದು ಕೇಳುತ್ತೇನೆ. ಅರ್ಜಿಯ ಕಾಲಂಗಳಲ್ಲಿ, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರದ ಸಾಲಿನಲ್ಲಿ ನಿಂತಾಗ ಮೂಲ ಜಿಲ್ಲೆ ಯಾವುದು ಎಂಬ ಪ್ರಶ್ನೆ ನಮಗೆ ಬೇಕಾದಷ್ಟು ಸಲ ಎದುರಾಗಿದೆ, ಮನೆಯ ಆಲ್ಬಮ್ಮಿನಲ್ಲಾದರೂ ಅದು ಪೂರ್ತಿಯಾಗಿ ಇರಲಿ. ಆಗಿನ ಹೆಸರು, ಈಗಿನ ಹೆಸರು ಎರಡೂ ಬೇಕು: ‘ಆಲೂರು, ಆಗ ಬಳ್ಳಾರಿ ಜಿಲ್ಲೆ, ಮದ್ರಾಸ್ ಪ್ರಾಂತ್ಯ; ಈಗ ಕರ್ನೂಲು ಜಿಲ್ಲೆ, ಆಂಧ್ರ’. ಅದರ ಕೆಳಗೆ ಹಿಂಬರಹದ ಲಿಪಿ ಯಾವುದು, ಮನೆಮಾತು ಯಾವುದು ಎಂದು ಬೇರೆ ಬೇರೆಯಾಗಿ ಬರಿ. ಇಸವಿ ಲೆಕ್ಕ ಹಾಕಿ ತಿಳಿದದ್ದಾದರೆ ಮೂಲ ಅಂಕಿಯನ್ನೂ ಪಕ್ಕದಲ್ಲಿ ಉಳಿಸು, ಲೆಕ್ಕ ತಪ್ಪಿದ್ದರೆ ಮುಂದಿನವರು ತಿದ್ದಿಕೊಳ್ಳುತ್ತಾರೆ. ಮನೆಯ ಹಿರಿಯರು ಇರುವಾಗಲೇ ಒಂದೊಂದೇ ಫೋಟೋ ತೋರಿಸಿ ಮಾತು ರೆಕಾರ್ಡ್ ಮಾಡಿಕೋ. ನಡುವೆ ಕೂತವರನ್ನು ಎಲ್ಲರೂ ಗುರುತಿಸುತ್ತಾರೆ, ಮೊದಲು ಅಂಚಿನಲ್ಲಿ ನಿಂತವರ ಹೆಸರು ಕೇಳು.